ಅನಿಯತ ಕ್ರಿಯಾಪದದ ಕಲಿಕೆ: ಸ್ಲೊವೇನಿಯನ್ ಭಾಷೆಯ ‘ಇತಿ’ ಧಾತುವನ್ನು ಕುರಿತ ಒಂದು ವಿವೇಚನೆ

1. ಪೀಠಿಕೆ

ಯಾವುದೇ ಭಾಷೆಯನ್ನು ಹೊಸದಾಗಿ ಕಲಿಯುವವರಿಗೆ ಮೊದಲ ವಾರದಲ್ಲಿಯೇ ಎದುರಾಗುವ ಕ್ರಿಯಾಪದಗಳಲ್ಲಿ ‘ಹೋಗು’ ಎಂಬ ಅರ್ಥದ್ದು ಒಂದು. ಅಂಗಡಿಗೆ, ಶಾಲೆಗೆ, ಮನೆಗೆ ಹೋಗುವ ಮಾತನ್ನು ಬಿಟ್ಟು ದಿನನಿತ್ಯದ ವ್ಯವಹಾರ ನಡೆಯದು. ಆದರೆ ಹಲವು ಭಾಷೆಗಳಲ್ಲಿ ಇದೇ ಕ್ರಿಯಾಪದವು ವ್ಯಾಕರಣದ ಸಾಮಾನ್ಯ ನಿಯಮಗಳಿಗೆ ಒಳಪಡದೆ ನಿಲ್ಲುತ್ತದೆ. ಕಲಿಯುವವರಿಗೆ ಅತ್ಯಂತ ಮೊದಲು ಬೇಕಾದ ಪದವೇ ಅತ್ಯಂತ ಕಠಿಣವಾದ ಪದವೂ ಆಗಿರುವುದು ಭಾಷಾಬೋಧನೆಯ ಒಂದು ಮೂಲಭೂತ ತೊಡಕು. ಇಂತಹ ರೂಪಗಳನ್ನು ಪಠ್ಯಪುಸ್ತಕಗಳು ‘ಅಪವಾದ’ ಎಂಬ ಶೀರ್ಷಿಕೆಯಡಿ ಪಟ್ಟಿ ಮಾಡಿ, ಕಂಠಪಾಠಕ್ಕೆ ಬಿಟ್ಟು ಮುಂದೆ ಸಾಗುವುದುಂಟು. ಅಪವಾದವೆಂದು ಕರೆದ ಮಾತ್ರಕ್ಕೆ ರೂಪವು ವಿವರಣೆಗೆ ಅತೀತವಾಗುವುದಿಲ್ಲ. ಅದರ ಹಿಂದೆ ಚರಿತ್ರೆಯಿದೆ. ಅದರ ಬಳಕೆಯಲ್ಲಿ ಒಂದು ವ್ಯವಸ್ಥೆಯೂ ಇದೆ. ಸ್ಲೊವೇನಿಯನ್ ಭಾಷೆಯ ‘ಇತಿ’ ಎಂಬ ಕ್ರಿಯಾಪದವನ್ನು ಆಧಾರವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು, ಕನ್ನಡ ಮಾತೃಭಾಷೆಯವರ ದೃಷ್ಟಿಯಿಂದ ಅದರ ಕಲಿಕೆಯಲ್ಲಿ ಸುಲಭವಾದುದು ಯಾವುದು, ಎಡವುವ ಸ್ಥಳ ಯಾವುದು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಲೊವೇನಿಯನ್ ರೂಪಗಳನ್ನು ಇಲ್ಲಿ ಅವುಗಳ ಬರಹವನ್ನು ಅನುಸರಿಸಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಉಚ್ಚಾರಣೆ ಬರಹದಿಂದ ಹೆಚ್ಚು ದೂರ ಸರಿಯುವಲ್ಲಿ ಅದನ್ನು ಸೂಚಿಸಲಾಗಿದೆ.

2. ಭಾಷೆಯ ಹಿನ್ನೆಲೆ

ಸ್ಲೊವೇನಿಯನ್ ಇಂಡೋ-ಯುರೋಪಿಯನ್ ಪರಿವಾರದ ಸ್ಲಾವಿಕ್ ಶಾಖೆಯ ದಕ್ಷಿಣ ಗುಂಪಿಗೆ ಸೇರಿದ ಭಾಷೆ. 1991ರಲ್ಲಿ ಸ್ವತಂತ್ರವಾದ ಸ್ಲೊವೇನಿಯ ಗಣರಾಜ್ಯದ ಆಡಳಿತ ಭಾಷೆಯಾಗಿರುವ ಇದು 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದು. ಆ ದೇಶದ ಜನಸಂಖ್ಯೆ ಸುಮಾರು 21 ಲಕ್ಷ. ಇಟಲಿಯ ತ್ರಿಯೆಸ್ತೆ ಪ್ರದೇಶ, ಆಸ್ಟ್ರಿಯದ ಕಾರಿಂಥಿಯ ಹಾಗೂ ಹಂಗೆರಿಯ ಗಡಿಭಾಗಗಳಲ್ಲಿಯೂ ಈ ಭಾಷಿಕರಿದ್ದಾರೆ. ಮಾತನಾಡುವವರ ಸಂಖ್ಯೆ ಕಡಿಮೆಯಾದರೂ ಭಾಷೆಯ ಲಿಖಿತ ಪರಂಪರೆ ಹಳೆಯದು. ಕ್ರಿ.ಶ. 1000ದ ಆಸುಪಾಸಿನ ‘ಬ್ರಿಜಿನ್ಸ್ಕಿ ಸ್ಪೊಮೆನಿಕಿ’ ಹಸ್ತಪ್ರತಿಗಳು ಲ್ಯಾಟಿನ್ ಲಿಪಿಯಲ್ಲಿ ಬರೆದ ಅತ್ಯಂತ ಹಳೆಯ ಸ್ಲಾವಿಕ್ ಪಠ್ಯಗಳೆಂದು ಪರಿಗಣಿತವಾಗಿವೆ. ಪ್ರಿಮೊಜ್ ತ್ರುಬಾರ್‌ನು 1550ರಲ್ಲಿ ಈ ಭಾಷೆಯ ಮೊದಲ ಮುದ್ರಿತ ಪುಸ್ತಕಗಳನ್ನು ಹೊರತಂದನು. 1584ರಲ್ಲಿ ಆದಮ್ ಬೊಹೊರಿಚ್‌ನು ಇದರ ಮೊದಲ ವ್ಯಾಕರಣವನ್ನು ರಚಿಸಿದನು.

ಬೊಹೊರಿಚ್‌ನ ವ್ಯಾಕರಣವು ಲ್ಯಾಟಿನ್ ಭಾಷೆಯಲ್ಲಿದೆ ಎಂಬುದು ಗಮನಾರ್ಹ. ಅದಾದ ಇಪ್ಪತ್ತು ವರ್ಷಗಳಲ್ಲಿ, 1604ರಲ್ಲಿ, ಭಟ್ಟಾಕಳಂಕನು ಕನ್ನಡದ ವ್ಯಾಕರಣವಾದ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಪರಸ್ಪರ ಸಂಪರ್ಕವೇ ಇಲ್ಲದ ಎರಡು ನಾಡುಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇಬ್ಬರು ವೈಯಾಕರಣರು ತಮ್ಮ ದೇಶಭಾಷೆಯ ಘನತೆಯನ್ನು ಒಂದು ಶಾಸ್ತ್ರಭಾಷೆಯ ಮೂಲಕ ಸ್ಥಾಪಿಸಲು ಹೊರಟರು. ಇಂತಹ ಪ್ರಯತ್ನದಿಂದ ದೇಶಭಾಷೆಗೆ ಗೌರವ ದೊರೆಯುತ್ತದೆ. ಅದರ ಜೊತೆಗೆ, ಶಾಸ್ತ್ರಭಾಷೆಯ ಚೌಕಟ್ಟಿಗೆ ಹೊಂದದ ರೂಪಗಳು ‘ಅಪವಾದ’ಗಳಾಗಿ ಕಾಣತೊಡಗುವ ಅಪಾಯವೂ ಇದೆ.

3. ಒಂದು ಕ್ರಿಯಾಪದ, ಮೂರು ಧಾತುಗಳು

ಸ್ಲೊವೇನಿಯನ್‌ನ ನಿಯತ ಕ್ರಿಯಾಪದಗಳಲ್ಲಿ ಮೂಲರೂಪವು ತಿಳಿದರೆ ಉಳಿದ ರೂಪಗಳು ಬಹುಮಟ್ಟಿಗೆ ತಾವಾಗಿ ಒದಗುತ್ತವೆ. ‘ದೆಲಾತಿ’ ಎಂದರೆ ಕೆಲಸ ಮಾಡುವುದು. ‘ದೆಲಾಮ್’ ಎಂದರೆ ಕೆಲಸ ಮಾಡುತ್ತೇನೆ. ‘ದೆಲಾಲ್’ ಎಂಬುದು ಭೂತಕಾಲದ ಕೃದಂತ. ಈ ಮಾದರಿಯನ್ನು ಅರಿತವರು ‘ಇತಿ’ ಎಂಬ ಮೂಲರೂಪದಿಂದ ‘ಇತಿಮ್’ ಅಥವಾ ‘ಇಮ್’ ಎಂಬುದನ್ನು ನಿರೀಕ್ಷಿಸುವುದು ಸಹಜ. ಆದರೆ ಭಾಷೆಯಲ್ಲಿರುವ ರೂಪ ‘ಗ್ರೆಮ್’. ಅದನ್ನು ಕಲಿತ ಮೇಲೆ ಭೂತಕಾಲಕ್ಕೆ ‘ಗ್ರೆಲ್’ ಎಂದು ಊಹಿಸಿದರೆ ಅದೂ ತಪ್ಪು, ಅಲ್ಲಿರುವುದು ‘ಶೆಲ್’. ಆಜ್ಞಾರ್ಥಕ್ಕೆ ಬಂದರೆ ‘ಪೊಯ್ದಿ’ ಎಂಬ ಮತ್ತೊಂದು ರೂಪ ಎದುರಾಗುತ್ತದೆ. ವರ್ತಮಾನದ ರೂಪಾವಳಿ ಹೀಗಿದೆ:

ಏಕವಚನ: ಗ್ರೆಮ್ (ಹೋಗುತ್ತೇನೆ), ಗ್ರೆಶ್ (ಹೋಗುತ್ತೀಯೆ), ಗ್ರೆ (ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ)
ದ್ವಿವಚನ: ಗ್ರೆವಾ (ನಾವಿಬ್ಬರು), ಗ್ರೆಸ್ತಾ (ನೀವಿಬ್ಬರು), ಗ್ರೆಸ್ತಾ (ಅವರಿಬ್ಬರು)
ಬಹುವಚನ: ಗ್ರೆಮೊ (ನಾವು), ಗ್ರೆಸ್ತೆ (ನೀವು), ಗ್ರೆದೊ ಅಥವಾ ಗ್ರೆಯೊ (ಅವರು)

ಈ ವೈವಿಧ್ಯಕ್ಕೆ ಕಾರಣವೆಂದರೆ ಒಂದೇ ಕ್ರಿಯಾಪದದೊಳಗೆ ಭಿನ್ನ ಮೂಲದ ಧಾತುಗಳು ಕೂಡಿಕೊಂಡಿರುವುದು. ‘ಇತಿ’ಯ ಮೂಲವು ಗತ್ಯರ್ಥಕವಾದ ಪ್ರಾಚೀನ ಇಂಡೋ-ಯುರೋಪಿಯನ್ ಧಾತು. ಸಂಸ್ಕೃತದ ‘ಇಣ್’ ಧಾತುವೂ ಅದರಿಂದ ಸಿದ್ಧವಾಗುವ ‘ಏತಿ’ (ಹೋಗುತ್ತಾನೆ) ಎಂಬ ರೂಪವೂ ಲ್ಯಾಟಿನ್‌ನ ‘ಈರೆ’ಯೂ ಇದರ ಸೋದರ ರೂಪಗಳು. ಕನ್ನಡ ಓದುಗರಿಗೆ ಪರಿಚಿತವಾದ, ‘ಹೀಗೆ’ ಎಂಬ ಅರ್ಥದ ಸಂಸ್ಕೃತ ಅವ್ಯಯ ‘ಇತಿ’ಗೂ ಇದಕ್ಕೂ ಸಂಬಂಧವಿಲ್ಲ, ಸಾಮ್ಯವು ಕೇವಲ ಆಕಸ್ಮಿಕ. ‘ಗ್ರೆಮ್’ ಎಂಬುದು ಹೆಜ್ಜೆಯಿಡು ಎಂಬ ಅರ್ಥದ ಬೇರೊಂದು ಸ್ಲಾವಿಕ್ ಧಾತುವಿನಿಂದ ಬಂದಿದ್ದು, ಲ್ಯಾಟಿನ್‌ನ ‘ಗ್ರಾದುಸ್’ (ಹೆಜ್ಜೆ) ಎಂಬ ಪದಕ್ಕೆ ಬಂಧುವೆನಿಸಿದೆ. ಬಹುವಚನದ ‘ಗ್ರೆದೊ’ ರೂಪದಲ್ಲಿ ಆ ಧಾತುವಿನ ದಕಾರ ಇಂದಿಗೂ ಉಳಿದಿದೆ. ‘ಶೆಲ್’ ಮೂರನೆಯ ಧಾತುವಿನಿಂದ ಸಿದ್ಧವಾದುದು; ‘ನಡೆದಾಡು’ ಎಂಬ ಅರ್ಥದ ‘ಹೊದಿತಿ’ ಕ್ರಿಯಾಪದವೂ ಅದೇ ಮೂಲದ್ದು. ಬರಹದಲ್ಲಿ ಲಕಾರಾಂತವಾದರೂ ‘ಶೆಲ್’ ಉಚ್ಚಾರಣೆಯಲ್ಲಿ ‘ಶೆವ್’ ಎಂಬುದಕ್ಕೆ ಹತ್ತಿರವಾಗಿ ಕೇಳುತ್ತದೆ. ‘ಪೊಯ್ದಿ’ಯು ‘ಪೊ’ ಎಂಬ ಉಪಸರ್ಗದೊಡನೆ ಮೊದಲ ಧಾತುವೇ ಸೇರಿ ಆದ ರೂಪ.

ಇದು ಸ್ಲೊವೇನಿಯನ್‌ಗೆ ಮಾತ್ರ ಸೀಮಿತವಾದ ವಿಚಿತ್ರವಲ್ಲ. ಇಂಗ್ಲಿಷಿನ ‘ಗೋ’ ಮತ್ತು ‘ವೆಂಟ್’ ಬೇರೆಬೇರೆ ಧಾತುಗಳು. ಫ್ರೆಂಚಿನ ವರ್ತಮಾನದ ‘ವೇ’ ಮತ್ತು ಭವಿಷ್ಯದ ‘ಇರೇ’ ಕೂಡ ಹಾಗೆಯೇ. ಭಾರತೀಯ ವ್ಯಾಕರಣ ಪರಂಪರೆಯು ಇಂತಹ ಸಂದರ್ಭವನ್ನು ‘ಆದೇಶ’ವೆಂಬ ಪರಿಕಲ್ಪನೆಯಿಂದ ವಿವರಿಸುತ್ತದೆ. ‘ಇತಿ’ಗೆ ಸೋದರವಾದ ‘ಇಣ್’ ಧಾತುವಿಗೇ ಪಾಣಿನಿಯು ಅಷ್ಟಾಧ್ಯಾಯಿಯ 2ನೆಯ ಅಧ್ಯಾಯದ 4ನೆಯ ಪಾದದಲ್ಲಿ, ಲುಙ್ ಲಕಾರದಲ್ಲಿ ‘ಗಾ’ ಎಂಬ ಆದೇಶವನ್ನು ವಿಧಿಸಿದ್ದಾನೆ. ಆದ್ದರಿಂದ ‘ಏತಿ’ಯ ಭೂತಕಾಲ ರೂಪವು ‘ಅಗಾತ್’ ಆಗುತ್ತದೆ. ಸಾವಿರಾರು ಮೈಲಿಗಳ ಅಂತರದ ಎರಡು ಭಾಷೆಗಳಲ್ಲಿ ಒಂದೇ ಮೂಲದ ಧಾತುವು ಭೂತಕಾಲದಲ್ಲಿ ತನ್ನ ಸ್ಥಾನವನ್ನು ಬೇರೆ ಧಾತುವಿಗೆ ಬಿಟ್ಟುಕೊಟ್ಟಿದೆ.

ಕನ್ನಡದ ಸ್ಥಿತಿ ಇದಕ್ಕಿಂತ ಭಿನ್ನ. ‘ಹೋಗು’ ಎಂಬುದಕ್ಕೆ ‘ಹೋದನು’, ‘ಹೋಗಿ’, ‘ಹೋಯಿತು’ ಎಂಬ ರೂಪಗಳಿವೆ. ‘ಬರು’ ಎಂಬುದಕ್ಕೆ ‘ಬಾ’, ‘ಬನ್ನಿ’, ‘ಬಂದನು’, ‘ಬಾರನು’ ಎಂಬ ರೂಪಗಳಿವೆ. ‘ಮಾಡು–ಮಾಡಿದನು’ ಮಾದರಿಯನ್ನು ಕಲಿತ ಅನ್ಯಭಾಷಿಕರು ‘ಹೋಗಿದನು’, ‘ಬರಿದನು’ ಎಂದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಬದಲಾಗುವುದು ಒಂದೇ ಧಾತುವಿನ ಆಕಾರ, ಧಾತುವೇ ಬದಲಾಗುವುದಿಲ್ಲ. ‘ತರು’ ಎಂಬುದು ‘ತಾ, ತನ್ನಿ, ತಂದನು’ ಎಂದು ‘ಬರು’ವಿನ ದಾರಿಯನ್ನೂ, ‘ಆಗು’ ಎಂಬುದು ‘ಆದನು, ಆಗಿ, ಆಯಿತು’ ಎಂದು ‘ಹೋಗು’ವಿನ ದಾರಿಯನ್ನೂ ಹಿಡಿಯುತ್ತವೆ. ಹೀಗೆ ಅನಿಯತವೆನಿಸಿದ ರೂಪಗಳಿಗೂ ತಮ್ಮದೇ ಚಿಕ್ಕ ಬಳಗವಿರುತ್ತದೆ.

‘ಇತಿ’ಗೂ ಅಂತಹ ಬಳಗವಿದೆ. ‘ಗ್ರೆಸ್ತಾ, ಗ್ರೆಸ್ತೆ’ಗಳಲ್ಲಿ ಕಾಣುವ ಸಕಾರವು ನಿಯತ ಕ್ರಿಯಾಪದಗಳಲ್ಲಿಲ್ಲ. ಆದರೆ ‘ದಾತಿ’ (ಕೊಡು) ಕ್ರಿಯಾಪದದ ‘ದಾಸ್ತಾ, ದಾಸ್ತೆ’, ‘ವೆದೆತಿ’ (ತಿಳಿ) ಕ್ರಿಯಾಪದದ ‘ವೆಸ್ತಾ, ವೆಸ್ತೆ’, ‘ಯೆಸ್ತಿ’ (ತಿನ್ನು) ಕ್ರಿಯಾಪದದ ‘ಯೆಸ್ತಾ, ಯೆಸ್ತೆ’ ರೂಪಗಳಲ್ಲಿ ಅದಿದೆ. ಹೋಗು, ಕೊಡು, ತಿಳಿ, ತಿನ್ನು ಇವೆಲ್ಲ ನಿತ್ಯಜೀವನದ ಮೂಲ ಕ್ರಿಯೆಗಳು. ಪದೇಪದೇ ಬಳಕೆಯಾಗುವ ರೂಪಗಳು ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಆದುದರಿಂದಲೇ ಸಾದೃಶ್ಯದ ಒತ್ತಡಕ್ಕೆ ಸಿಲುಕಿ ನಿಯತವಾಗದೆ ಹಳೆಯ ಆಕಾರವನ್ನು ಉಳಿಸಿಕೊಳ್ಳುತ್ತವೆ. ಅಪರೂಪದ ಪದವಾಗಿದ್ದರೆ ಭಾಷಿಕರು ಅದನ್ನು ಎಂದೋ ನಿಯಮಕ್ಕೆ ಒಳಪಡಿಸುತ್ತಿದ್ದರು. ಅನಿಯತತೆಯು ಭಾಷೆಯ ದೋಷವಲ್ಲ, ಬಳಕೆಯ ಸಾಂದ್ರತೆಯ ಗುರುತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ದ್ವಿವಚನ: ‘ಹೋಗೋಣ’ ಎಂಬ ಮಾತಿನ ವ್ಯಾಪ್ತಿ

ಕನ್ನಡಿಗರಿಗೆ ಹೊಸದಾಗಿ ಕಾಣುವ ಅಂಶಗಳಲ್ಲಿ ದ್ವಿವಚನವು ಮುಖ್ಯವಾದುದು. ಕನ್ನಡದಲ್ಲಿ ಏಕವಚನ, ಬಹುವಚನಗಳೆಂಬ ಎರಡೇ ವಚನಗಳು. ಸಂಸ್ಕೃತ ಕಲಿತವರಿಗೆ ದ್ವಿವಚನದ ಪರಿಚಯವಿರುತ್ತದೆ. ಉತ್ತಮಪುರುಷ ದ್ವಿವಚನದ ‘ವಃ’ ಪ್ರತ್ಯಯವನ್ನೂ ಸ್ಲೊವೇನಿಯನ್‌ನ ‘ವಾ’ ಪ್ರತ್ಯಯವನ್ನೂ ಪಕ್ಕಪಕ್ಕದಲ್ಲಿಟ್ಟರೆ ನಂಟು ಕಣ್ಣಿಗೆ ಕಾಣುತ್ತದೆ. ಆದರೆ ಗ್ರಂಥದಲ್ಲಿ ಓದಿದ ದ್ವಿವಚನಕ್ಕೂ ಬೀದಿಯಲ್ಲಿ ಆಡುವ ದ್ವಿವಚನಕ್ಕೂ ವ್ಯತ್ಯಾಸವಿದೆ.

‘ಕಾಫಿಗೆ ಹೋಗೋಣವೇ?’ ಎಂಬ ಕನ್ನಡ ವಾಕ್ಯವು ಎಷ್ಟು ಜನ ಹೋಗಬೇಕೆಂಬುದನ್ನು ಹೇಳುವುದಿಲ್ಲ. ಸ್ಲೊವೇನಿಯನ್‌ನಲ್ಲಿ ಅದನ್ನು ಹೇಳದೆ ವಾಕ್ಯವೇ ಸಾಗುವುದಿಲ್ಲ. ‘ಗ್ರೆವಾ ನಾ ಕಾವೊ?’ ಎಂದರೆ ನಾವಿಬ್ಬರೇ ಹೋಗೋಣವೇ ಎಂದರ್ಥ. ‘ಗ್ರೆಮೊ ನಾ ಕಾವೊ?’ ಎಂದರೆ ಮೂವರು ಅಥವಾ ಹೆಚ್ಚು ಜನ ಎಂದರ್ಥ. ಸ್ನೇಹಿತೆಯೊಬ್ಬಳನ್ನು ಕರೆಯುವಾಗ ‘ಗ್ರೆಮೊ’ ಎಂದರೆ ‘ಇನ್ನು ಯಾರು ಬರುತ್ತಾರೆ?’ ಎಂಬ ಪ್ರಶ್ನೆ ಹುಟ್ಟಬಹುದು. ಬಹುಕಾಲ ಒಟ್ಟಿಗೆ ಬಾಳಿದ ದಂಪತಿಗಳು ‘ನಾವು ಹೋಗುತ್ತೇವೆ’ ಎನ್ನುವಾಗ ‘ಗ್ರೆವಾ’ ಎಂಬ ರೂಪವು ಆ ಇಬ್ಬರನ್ನೇ ಒಂದು ಘಟಕವಾಗಿ ನಿಲ್ಲಿಸುತ್ತದೆ. ಇಲ್ಲಿ ಪ್ರತ್ಯಯದ ತಪ್ಪು ಕೇವಲ ವ್ಯಾಕರಣದ ತಪ್ಪಾಗಿ ಉಳಿಯದೆ, ಸಂಬಂಧವನ್ನು ತಪ್ಪಾಗಿ ಸೂಚಿಸುವ ಮಾತಾಗುತ್ತದೆ.

ದ್ವಿವಚನವು ಎಲ್ಲ ಉಪಭಾಷೆಗಳಲ್ಲಿ ಸಮಾನವಾಗಿ ಉಳಿದಿಲ್ಲ. ಕೆಲವೆಡೆ ವಿಶೇಷವಾಗಿ ಸ್ತ್ರೀಲಿಂಗದ ದ್ವಿವಚನಕ್ಕೆ ಬದಲಾಗಿ ಬಹುವಚನವೇ ಬಳಕೆಯಲ್ಲಿದೆ. ಫ್ರಾನ್ಸಿನ ಭಾಷಾವಿಜ್ಞಾನಿ ಲೂಸಿಯೆನ್ ತೆನಿಯೆರ್‌ನು 1925ರಲ್ಲಿ ಪ್ರಕಟಿಸಿದ ಅಧ್ಯಯನವು ಸ್ಲೊವೇನಿಯನ್ ದ್ವಿವಚನದ ಪ್ರಾದೇಶಿಕ ರೂಪಗಳನ್ನು ನಕ್ಷೆಗಳ ಸಹಿತ ನಿರೂಪಿಸಿದ ಮಹತ್ವದ ಕೃತಿ. ಶಿಷ್ಟಭಾಷೆಯಲ್ಲಂತೂ ದ್ವಿವಚನವು ಇಂದಿಗೂ ಅನಿವಾರ್ಯ.

5. ಭೂತಕಾಲ: ಆಡುವವರ ಲಿಂಗ

ಕನ್ನಡದಲ್ಲಿ ‘ಹೋದೆನು’ ಎಂಬ ಕ್ರಿಯಾಪದವನ್ನು ಗಂಡಸು ಆಡಿದರೂ ಹೆಂಗಸು ಆಡಿದರೂ ರೂಪ ಒಂದೇ. ಲಿಂಗಭೇದವು ಪ್ರಥಮಪುರುಷದಲ್ಲಿ, ಅಂದರೆ ‘ಹೋದನು, ಹೋದಳು, ಹೋಯಿತು’ ಎಂಬಲ್ಲಿ ಮಾತ್ರ ತೋರುತ್ತದೆ. ಸ್ಲೊವೇನಿಯನ್‌ನ ಭೂತಕಾಲವು ಕೃದಂತ ಮತ್ತು ಸಹಾಯಕ ಕ್ರಿಯಾಪದಗಳಿಂದ ರಚಿತವಾಗುವುದರಿಂದ, ಎಲ್ಲ ಪುರುಷಗಳಲ್ಲಿಯೂ ಲಿಂಗವು ವ್ಯಕ್ತವಾಗುತ್ತದೆ. ಗಂಡಸು ‘ಶೆಲ್ ಸೆಮ್’ ಎಂದರೆ, ಹೆಂಗಸು ‘ಶ್ಲಾ ಸೆಮ್’ ಎನ್ನಬೇಕು. ಸಂಸ್ಕೃತದ ‘ಗತೋಽಸ್ಮಿ, ಗತಾಸ್ಮಿ’ ಎಂಬ ರಚನೆ ಇದಕ್ಕೆ ಸಮೀಪವಾದುದು.

ಕೃದಂತದ ರೂಪಗಳು ಲಿಂಗ, ವಚನಗಳಿಗೆ ಅನುಗುಣವಾಗಿ ಹೀಗಿವೆ:

ಪುಲ್ಲಿಂಗ: ಶೆಲ್ (ಏಕವಚನ), ಶ್ಲಾ (ದ್ವಿವಚನ), ಶ್ಲಿ (ಬಹುವಚನ)
ಸ್ತ್ರೀಲಿಂಗ: ಶ್ಲಾ, ಶ್ಲಿ, ಶ್ಲೆ
ನಪುಂಸಕಲಿಂಗ: ಶ್ಲೊ, ಶ್ಲಿ, ಶ್ಲಾ

ಒಂಬತ್ತು ಸ್ಥಾನಗಳಿಗೆ ಐದೇ ರೂಪಗಳಿರುವುದರಿಂದ ‘ಶ್ಲಾ’ ಎಂಬುದು ಒಬ್ಬ ಹೆಂಗಸಿಗೂ ಇಬ್ಬರು ಗಂಡಸರಿಗೂ ಅನೇಕ ನಪುಂಸಕ ವಸ್ತುಗಳಿಗೂ ಸಲ್ಲುತ್ತದೆ. ಅರ್ಥವನ್ನು ನಿರ್ಣಯಿಸುವುದು ಸಹಾಯಕ ಕ್ರಿಯಾಪದ: ‘ಶ್ಲಾ ಸೆಮ್’ ಎಂದರೆ ಹೋದೆನು (ಆಡುವವಳು ಹೆಂಗಸು), ‘ಶ್ಲಾ ಸ್ವಾ’ ಎಂದರೆ ನಾವಿಬ್ಬರು ಹೋದೆವು. ಇಬ್ಬರಲ್ಲಿ ಒಬ್ಬರು ಗಂಡಸು, ಒಬ್ಬರು ಹೆಂಗಸಾದರೆ ಪುಲ್ಲಿಂಗವೇ ಬರುತ್ತದೆ. ಹಿರಿಯರನ್ನು, ಅಪರಿಚಿತರನ್ನು ಬಹುವಚನದಿಂದ ಗೌರವಿಸುವ ರೂಢಿ ಕನ್ನಡದಂತೆ ಅಲ್ಲಿಯೂ ಇದೆ. ಆಗ ಎದುರಿಗಿರುವವರು ಒಬ್ಬ ಮಹಿಳೆಯೇ ಆಗಿದ್ದರೂ ಶಿಷ್ಟಭಾಷೆಯಲ್ಲಿ ‘ವಿ ಸ್ತೆ ಶ್ಲಿ’ (ತಾವು ಹೋದಿರಿ) ಎಂದು ಪುಲ್ಲಿಂಗ ಬಹುವಚನವನ್ನೇ ಬಳಸಬೇಕು. ಆಡುನುಡಿಯಲ್ಲಿ ‘ವಿ ಸ್ತೆ ಶ್ಲಾ’ ಎಂಬ ಮಿಶ್ರರೂಪವೂ ಕೇಳಿಬರುತ್ತದೆ, ಅದು ಶಿಷ್ಟವೆನಿಸುವುದಿಲ್ಲ.

ಸಹಾಯಕ ಕ್ರಿಯಾಪದದ ಸ್ಥಾನವೂ ಗಮನಾರ್ಹ. ಅದು ವಾಕ್ಯದ ಎರಡನೆಯ ಸ್ಥಾನವನ್ನು ಬಯಸುತ್ತದೆ. ‘ಶೆಲ್ ಸೆಮ್ ವ್ ಮೆಸ್ತೊ’ (ಪೇಟೆಗೆ ಹೋದೆ) ಎಂಬ ವಾಕ್ಯಕ್ಕೆ ‘ನಿನ್ನೆ’ ಎಂಬ ಪದವನ್ನು ಆರಂಭದಲ್ಲಿ ಸೇರಿಸಿದರೆ ‘ವ್ಚೆರಾಯ್ ಸೆಮ್ ಶೆಲ್ ವ್ ಮೆಸ್ತೊ’ ಎಂದು ಕ್ರಮ ತಿರುಗುತ್ತದೆ. ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿ ನಿರೀಕ್ಷಿಸುವ ಕನ್ನಡಿಗರಿಗೆ ಇದು ಅಭ್ಯಾಸದಿಂದಲೇ ಒದಗಬೇಕಾದ ಸಂಗತಿ.

6. ಎಲ್ಲಿಗೆ, ಎಲ್ಲಿ, ಎಲ್ಲಿಂದ

ಕನ್ನಡದ ನೆಲೆಯಿಂದ ಹೊರಟವರಿಗೆ ಅನುಕೂಲವಾಗುವ ಸಂಗತಿಗಳೂ ಇವೆ. ಇಂಗ್ಲಿಷಿನಲ್ಲಿ ಒಂದೇ ಪ್ರಶ್ನಾರ್ಥಕವು ‘ಎಲ್ಲಿ’ ಎಂಬುದಕ್ಕೂ ‘ಎಲ್ಲಿಗೆ’ ಎಂಬುದಕ್ಕೂ ಸಲ್ಲುತ್ತದೆ. ಸ್ಲೊವೇನಿಯನ್‌ನಲ್ಲಿ ‘ಕಾಮ್’ (ಎಲ್ಲಿಗೆ), ‘ಕ್ಯೆ’ (ಎಲ್ಲಿ), ‘ಒದ್ ಕೊದ್’ (ಎಲ್ಲಿಂದ) ಎಂಬ ಮೂರು ಪ್ರತ್ಯೇಕ ಪದಗಳಿವೆ. ‘ಕಾಮ್ ಗ್ರೆಶ್?’ ಎಂಬುದು ‘ಎಲ್ಲಿಗೆ ಹೋಗುತ್ತೀಯೆ?’ ಎಂಬುದಕ್ಕೆ ಸರಿಸಮನಾದ ವಾಕ್ಯ. ‘ದೊಮೊವ್’ ಎಂದರೆ ಮನೆಗೆ, ‘ದೊಮಾ’ ಎಂದರೆ ಮನೆಯಲ್ಲಿ. ಇಂಗ್ಲಿಷಿನ ಮೂಲಕ ಕಲಿಯುವವರು ಪ್ರಯತ್ನಪಟ್ಟು ಗ್ರಹಿಸಬೇಕಾದ ಈ ಭೇದವು ಕನ್ನಡಿಗರಿಗೆ ಸಹಜವಾಗಿಯೇ ಸಿದ್ಧವಾಗಿದೆ. ಸ್ಲೊವೇನಿಯನ್ ಪಾಠವನ್ನು ಇಂಗ್ಲಿಷಿನ ಮಧ್ಯಸ್ಥಿಕೆಯಿಲ್ಲದೆ ಕನ್ನಡದಿಂದಲೇ ವಿವರಿಸಿದರೆ ಶ್ರಮ ಉಳಿಯುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಆದರೆ ಉತ್ತರದಲ್ಲಿ ತೊಡಕು ಆರಂಭವಾಗುತ್ತದೆ. ಕನ್ನಡದಲ್ಲಿ ಗಮ್ಯಸ್ಥಾನಕ್ಕೆ ಚತುರ್ಥಿಯ ‘ಗೆ, ಕ್ಕೆ’ ಪ್ರತ್ಯಯಗಳು ಸಾಕು. ಸ್ಲೊವೇನಿಯನ್‌ನಲ್ಲಿ ನಾಮಪದಕ್ಕೆ ಮೊದಲು ಬರುವ ಮೂರು ಅವ್ಯಯಗಳಲ್ಲಿ ಒಂದನ್ನು ಆರಿಸಬೇಕು. ಒಳಗೆ ಎಂಬ ಅರ್ಥದ ‘ವ್’ ಮತ್ತು ಮೇಲೆ ಎಂಬ ಅರ್ಥದ ‘ನಾ’ ಇವೆರಡೂ ಗಮನಾರ್ಥದಲ್ಲಿ ದ್ವಿತೀಯಾ ವಿಭಕ್ತಿಯನ್ನೂ ಸ್ಥಿತಿಯ ಅರ್ಥದಲ್ಲಿ ಸಪ್ತಮಿಯನ್ನೂ ಬಯಸುತ್ತವೆ: ‘ಗ್ರೆಮ್ ವ್ ಲ್ಯುಬ್ಲ್ಯಾನೊ’ ಎಂದರೆ ಲ್ಯುಬ್ಲ್ಯಾನಾಕ್ಕೆ ಹೋಗುತ್ತೇನೆ, ‘ಸೆಮ್ ವ್ ಲ್ಯುಬ್ಲ್ಯಾನಿ’ ಎಂದರೆ ಲ್ಯುಬ್ಲ್ಯಾನಾದಲ್ಲಿದ್ದೇನೆ. ಗಮ್ಯಸ್ಥಾನವು ದ್ವಿತೀಯೆಯಲ್ಲಿರುವುದು ಸಂಸ್ಕೃತದ ‘ಗ್ರಾಮಂ ಗಚ್ಛತಿ’ಯನ್ನು ನೆನಪಿಸುತ್ತದೆ. ವ್ಯಕ್ತಿಯ ಬಳಿಗೆ ಹೋಗುವಾಗ ‘ಕ್’ ಎಂಬ ಅವ್ಯಯವೂ ಚತುರ್ಥಿಯೂ ಬೇಕು: ‘ಗ್ರೆಮ್ ಕ್ ಬಾಬಿತ್ಸಿ’ ಎಂದರೆ ಅಜ್ಜಿಯ ಬಳಿಗೆ ಹೋಗುತ್ತೇನೆ. ಕನ್ನಡವೂ ವ್ಯಕ್ತಿಗಳ ವಿಷಯದಲ್ಲಿ ‘ಅಜ್ಜಿಗೆ ಹೋಗುತ್ತೇನೆ’ ಎನ್ನದೆ ‘ಅಜ್ಜಿಯ ಬಳಿಗೆ’ ಎಂದು ಭೇದ ಮಾಡುತ್ತದೆಂಬುದು ಇಲ್ಲಿ ನೆರವಿಗೆ ಬರುತ್ತದೆ.

ಹೊರಡುವಾಗ ಆರಿಸಿದ ಅವ್ಯಯವು ಹಿಂದಿರುಗುವಾಗಿನದನ್ನೂ ನಿರ್ಧರಿಸುತ್ತದೆ. ‘ವ್’ ಎಂದು ಹೋದವರು ‘ಇಜ್’ ಎಂದು, ‘ನಾ’ ಎಂದು ಹೋದವರು ‘ಸ್’ ಅಥವಾ ‘ಜ್’ ಎಂದು, ‘ಕ್’ ಎಂದು ಹೋದವರು ‘ಒದ್’ ಎಂದು ಹಿಂದಿರುಗುತ್ತಾರೆ. ಮೂರರಲ್ಲಿಯೂ ನಾಮಪದವು ಷಷ್ಠಿಯಲ್ಲಿರುತ್ತದೆ. ಸರೋವರಕ್ಕೆ ಹೆಸರಾದ ಬ್ಲೆದ್ ಊರಿಗೆ ‘ನಾ’ ಬಂದರೆ, ಅದರ ನೆರೆಯ ಬೊಹಿನ್ಯ್‌ಗೆ ‘ವ್’ ಬರುತ್ತದೆ. ಇದಕ್ಕೆ ನಿಯಮ ಹುಡುಕುವುದಕ್ಕಿಂತ ಊರಿನ ಹೆಸರನ್ನು ಅವ್ಯಯದೊಡನೆಯೇ ಕಲಿಯುವುದು ಲೇಸು.

7. ಉದ್ದೇಶರೂಪ: ಮಲಗಲು ಹೋಗುವುದು

‘ಇತಿ’ಯ ಕಲಿಕೆಯಲ್ಲಿ ಅತ್ಯಂತ ಆಸಕ್ತಿದಾಯಕವಾದುದು ಅದರೊಡನೆ ಬರುವ ಉದ್ದೇಶರೂಪ. ‘ಮಲಗಬೇಕೆಂದಿದ್ದೇನೆ’ ಎನ್ನುವಾಗ ‘ಹೊಚೆಮ್ ಸ್ಪಾತಿ’ ಎಂದು ಮೂಲರೂಪ ಬಂದರೆ, ‘ಮಲಗಲು ಹೋಗುತ್ತೇನೆ’ ಎನ್ನುವಾಗ ‘ಗ್ರೆಮ್ ಸ್ಪಾತ್’ ಎಂದು ಕೊನೆಯ ಇಕಾರವಿಲ್ಲದ ರೂಪ ಬರುತ್ತದೆ. ಹೋಗು, ಬರು ಮೊದಲಾದ ಚಲನಾರ್ಥಕ ಕ್ರಿಯಾಪದಗಳ ನಂತರವೇ ಈ ರೂಪದ ಬಳಕೆ. ನೋಟಕ್ಕೆ ಒಂದು ಸ್ವರ ಲೋಪವಾದಂತೆ ಕಂಡರೂ ಇದು ಬೇರೆಯೇ ಚರಿತ್ರೆಯುಳ್ಳ ರೂಪ. ಲ್ಯಾಟಿನ್‌ನಲ್ಲಿ ಚಲನಾರ್ಥಕ ಕ್ರಿಯಾಪದಗಳೊಡನೆ ಬರುವ ‘ತುಮ್’ ಪ್ರತ್ಯಯಾಂತ ರೂಪವೂ, ಸಂಸ್ಕೃತದ ತುಮನ್ನಂತವೂ ಇದರ ಸೋದರಗಳು. ಸ್ಲೊವೇನಿಯನ್‌ನ ‘ಗ್ರೆ ಸ್ಪಾತ್’ ಎಂಬುದನ್ನು ಸಂಸ್ಕೃತದ ‘ಸ್ವಪ್ತುಂ ಗಚ್ಛತಿ’ ಎಂಬುದರ ಪಕ್ಕದಲ್ಲಿಟ್ಟರೆ, ‘ಸ್ಪಾತ್’ ಮತ್ತು ‘ಸ್ವಪ್ತುಂ’ಗಳ ಧಾತುವೂ ಪ್ರತ್ಯಯವೂ ಒಂದೇ ಮೂಲದವೆಂಬುದು ವಿಸ್ಮಯ ಮೂಡಿಸುತ್ತದೆ. ಅನೇಕ ಸ್ಲಾವಿಕ್ ಭಾಷೆಗಳು ಕಳೆದುಕೊಂಡಿರುವ ಈ ರೂಪವನ್ನು ಸ್ಲೊವೇನಿಯನ್ ಜೀವಂತವಾಗಿ ಉಳಿಸಿಕೊಂಡಿದೆ.

ಕನ್ನಡದ ‘ಮಲಗಲು’, ‘ಮಲಗಲಿಕ್ಕೆ’ ಎಂಬ ರೂಪಗಳು ಅರ್ಥದಲ್ಲಿ ಇದಕ್ಕೆ ಹತ್ತಿರ. ಆದರೆ ‘ಮಲಗಲು ಹೋದನು’, ‘ಮಲಗಲು ಇಷ್ಟಪಟ್ಟನು’ ಎಂಬೆರಡರಲ್ಲಿಯೂ ಕನ್ನಡವು ಒಂದೇ ರೂಪವನ್ನು ಬಳಸುವುದರಿಂದ ಭೇದವು ಕನ್ನಡಿಗರ ಕಿವಿಗೆ ತಪ್ಪಿಹೋಗುವ ಸಂಭವವಿದೆ. ಸ್ಲೊವೇನಿಯನ್ ಆಡುನುಡಿಯಲ್ಲಿ ಮೂಲರೂಪದ ಇಕಾರವೂ ಲೋಪವಾಗುವುದರಿಂದ ಅಲ್ಲಿನ ಮಾತೃಭಾಷಿಕರೂ ಬರವಣಿಗೆಯಲ್ಲಿ ಇವೆರಡನ್ನು ಅದಲುಬದಲು ಮಾಡುವುದುಂಟು. ವಿದೇಶೀಯರಿಗೆ ಇದು ಸಮಾಧಾನದ ವಿಷಯವಾದರೂ ತಪ್ಪಿಗೆ ಸಮರ್ಥನೆಯಾಗದು.

8. ಆಜ್ಞೆ, ನಿಷೇಧ ಮತ್ತು ಉಪಸರ್ಗಗಳು

‘ಹೋಗು’ ಎಂಬುದಕ್ಕೆ ‘ಪೊಯ್ದಿ’ ಎನ್ನುವವರು ‘ಹೋಗಬೇಡ’ ಎಂಬುದಕ್ಕೆ ಸಾಮಾನ್ಯವಾಗಿ ‘ನೆ ಹೊದಿ’ ಎನ್ನುತ್ತಾರೆ. ನಿಷೇಧದಲ್ಲಿ ಕ್ರಿಯಾಪದವೇ ಬದಲಾಗಿ ‘ಹೊದಿತಿ’ ಬಂದು ನಿಲ್ಲುತ್ತದೆ. ಈ ‘ಹೊದಿತಿ’ ಪುನರಾವೃತ್ತವಾಗುವ ಅಥವಾ ರೂಢಿಯಾದ ಗಮನವನ್ನು ಸೂಚಿಸುವ ಕ್ರಿಯಾಪದ. ‘ಗ್ರೆಮ್ ವ್ ಶೊಲೊ’ ಎಂದರೆ ಈಗ ಶಾಲೆಗೆ ಹೋಗುತ್ತಿದ್ದೇನೆ. ‘ಹೊದಿಮ್ ವ್ ಶೊಲೊ’ ಎಂದರೆ ಶಾಲೆಯಲ್ಲಿ ಓದುತ್ತಿದ್ದೇನೆ, ದಿನವೂ ಹೋಗಿಬರುತ್ತೇನೆ. ‘ಹುಡುಗ ಶಾಲೆಗೆ ಹೋಗುತ್ತಾನೆ’ ಎಂಬ ಕನ್ನಡ ವಾಕ್ಯವು ಎರಡು ಅರ್ಥಗಳಿಗೂ ಸಲ್ಲುವುದರಿಂದ ಇಲ್ಲಿ ಎಚ್ಚರ ಬೇಕು. ಇದಕ್ಕೆ ಪ್ರತಿಯಾಗಿ, ಕಾಲ್ನಡಿಗೆ ಮತ್ತು ವಾಹನಗಳ ಭೇದವನ್ನು ರಷ್ಯನ್ ಭಾಷೆಯಷ್ಟು ಕಟ್ಟುನಿಟ್ಟಾಗಿ ಸ್ಲೊವೇನಿಯನ್ ಪಾಲಿಸುವುದಿಲ್ಲ. ‘ಗ್ರೆಮ್ ಪೆಶ್’ ಎಂದರೆ ನಡೆದು ಹೋಗುತ್ತೇನೆ, ‘ಗ್ರೆಮ್ ಜ್ ವ್ಲಾಕೊಮ್’ ಎಂದರೆ ರೈಲಿನಲ್ಲಿ ಹೋಗುತ್ತೇನೆ. ‘ಯುತ್ರಿ ಗ್ರೆಮ್ ವ್ ಮಾರಿಬೊರ್’ ಎಂದು ನಾಳಿನ ಪ್ರಯಾಣವನ್ನು ವರ್ತಮಾನ ರೂಪದಿಂದಲೇ ಹೇಳಬಹುದು. ಇವೆರಡೂ ಕನ್ನಡದ ‘ಹೋಗು’ವಿನ ರೀತಿಗೆ ಸಮೀಪವಾಗಿವೆ.

ಉಪಸರ್ಗಗಳು ಸೇರಿದಾಗ ‘ಗ್ರೆಮ್’ ಮರೆಯಾಗಿ ಹಳೆಯ ‘ಇದ್’ ಅಂಶವು ಮತ್ತೆ ಕಾಣಿಸಿಕೊಳ್ಳುತ್ತದೆ. ‘ಪ್ರಿತಿ’ (ಬರು, ತಲಪು) ಎಂಬುದರ ವರ್ತಮಾನ ‘ಪ್ರಿದೆಮ್’, ಭೂತಕೃದಂತ ‘ಪ್ರಿಶೆಲ್’. ‘ಒದಿತಿ’ (ಹೊರಟುಹೋಗು) ಎಂಬುದಕ್ಕೆ ‘ಒದಿದೆಮ್, ಒದ್ಶೆಲ್’; ‘ನಾಯ್ತಿ’ (ಕಂಡುಹಿಡಿ) ಎಂಬುದಕ್ಕೆ ‘ನಾಯ್ದೆಮ್, ನಾಶೆಲ್’. ಸೂರ್ಯ ಮುಳುಗಿದುದನ್ನು ‘ಸೊನ್ತ್ಸೆ ಯೆ ಜಾಶ್ಲೊ’ ಎಂದೂ ಪುಸ್ತಕ ಪ್ರಕಟವಾದುದನ್ನು ‘ಕ್ನ್ಯಿಗಾ ಯೆ ಇಜ್ಶ್ಲಾ’ ಎಂದೂ ಹೇಳುತ್ತಾರೆ. ನೆರೆಯ ಕ್ರೊಯೇಷಿಯನ್‌ನಲ್ಲಿ ‘ಹೋಗುತ್ತೇನೆ’ ಎಂಬುದಕ್ಕೆ ಇಂದಿಗೂ ‘ಇದೆಮ್’ ಎಂಬ ರೂಪವಿದೆ. ‘ಇತಿ–ಇದೆಮ್–ಶೆಲ್’ ಎಂಬ ಒಂದೇ ಸರಣಿಯನ್ನು ಅರಿತರೆ ಹತ್ತಾರು ಕ್ರಿಯಾಪದಗಳು ಒಮ್ಮೆಗೇ ಕೈಗೆ ಬರುತ್ತವೆ. ‘ಅಪವಾದ’ವು ಹೀಗೆ ಹೊಸ ನಿಯಮಕ್ಕೆ ಬಾಗಿಲಾಗುತ್ತದೆ. ಕನ್ನಡವು ಇಂತಹ ಅರ್ಥಛಾಯೆಗಳನ್ನು ಬಹುಮಟ್ಟಿಗೆ ಸಹಾಯಕ ಕ್ರಿಯಾಪದಗಳಿಂದ ಸಾಧಿಸುತ್ತದೆ. ‘ಬಿದ್ದುಹೋಯಿತು’, ‘ಹಾಳಾಗಿಹೋಯಿತು’ ಎಂಬಲ್ಲಿ ‘ಹೋಗು’ ತಾನೇ ಪೂರ್ಣತೆಯ ಸೂಚಕವಾಗಿದೆ. ಈ ಬಳಕೆಯನ್ನು ‘ಇತಿ’ಗೆ ವರ್ಗಾಯಿಸಲು ಬಾರದು.

9. ನುಡಿಗಟ್ಟುಗಳಲ್ಲಿ ‘ಗ್ರೆ’

‘ಕಾಕೊ ತಿ ಗ್ರೆ?’ ಎಂಬುದು ‘ನೀನು ಹೇಗಿದ್ದೀಯೆ?’ ಎಂಬ ಕುಶಲಪ್ರಶ್ನೆ. ಪದಶಃ ‘ನಿನಗೆ ಹೇಗೆ ಹೋಗುತ್ತಿದೆ?’. ‘ಗ್ರೆ ಜಾ’ ಎಂದರೆ ‘ಇಂತಹ ವಿಷಯಕ್ಕೆ ಸಂಬಂಧಿಸಿದ್ದು’, ‘ನೆ ಗ್ರೆ’ ಎಂದರೆ ‘ಆಗುವುದಿಲ್ಲ’. ಅಳು ಒತ್ತರಿಸಿ ಬಂದಾಗ ‘ನಾ ಯೊಕ್ ಮಿ ಗ್ರೆ’ ಎನ್ನುತ್ತಾರೆ. ಕನ್ನಡದಲ್ಲಿ ‘ನನಗೆ ಅಳು ಬರುತ್ತದೆ’. ಅನುಭವಿಸುವವರು ಎರಡೂ ಭಾಷೆಗಳಲ್ಲಿ ಚತುರ್ಥಿಯಲ್ಲಿದ್ದಾರೆ. ಆದರೆ ಕನ್ನಡದಲ್ಲಿ ಅಳು ತಾನೇ ಮನುಷ್ಯನ ಬಳಿಗೆ ಬರುತ್ತದೆ, ಸ್ಲೊವೇನಿಯನ್‌ನಲ್ಲಿ ಮನಸ್ಸು ಅಳುವಿನ ಕಡೆಗೆ ಹೋಗುತ್ತದೆ. ಬೀಳ್ಕೊಡುವಾಗಲೂ ಇಂತಹುದೇ ವ್ಯತ್ಯಾಸವಿದೆ. ‘ಹೋಗುತ್ತೇನೆ’ ಎಂದು ಹೇಳಿ ಹೊರಡುವುದನ್ನು ಕನ್ನಡದ ಮನೆಗಳಲ್ಲಿ ಅಶುಭವೆಂದು ಭಾವಿಸಿ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಸ್ಲೊವೇನಿಯನ್‌ನಲ್ಲಿ ‘ಗ್ರೆಮ್’ ಎಂಬ ಒಂದೇ ಪದದಿಂದ ಎದ್ದು ಹೊರಡಬಹುದು. ಅದರಲ್ಲಿ ಅಶುಭದ ಛಾಯೆಯಿಲ್ಲ. ಆ ಮಾತನ್ನು ಆಡಲು ಕನ್ನಡಿಗರ ನಾಲಗೆ ಮೊದಮೊದಲು ಹಿಂಜರಿದರೆ ಅದಕ್ಕೆ ಕಾರಣ ವ್ಯಾಕರಣವಲ್ಲ, ಸಂಸ್ಕೃತಿ.

10. ಸಮಾರೋಪ

ಪಿಟ್ ಕಾರ್ಡರ್‌ನು 1967ರಷ್ಟು ಹಿಂದೆಯೇ, ಕಲಿಯುವವರ ತಪ್ಪುಗಳು ಅವರೊಳಗೆ ರೂಪುಗೊಳ್ಳುತ್ತಿರುವ ವ್ಯವಸ್ಥೆಗೆ ಸಾಕ್ಷ್ಯಗಳೆಂದು ಪ್ರತಿಪಾದಿಸಿದನು. ‘ಗ್ರೆಲ್’ ಎಂದವರೂ ‘ಬರಿದನು’ ಎಂದವರೂ ನಿಯಮವನ್ನು ಅರಿತಿರುವುದರಿಂದಲೇ ತಪ್ಪಿದ್ದಾರೆ. ಅವರಿಗೆ ಬೇಕಾದುದು ತಿದ್ದುವಿಕೆಯ ಜೊತೆಗೆ ವಿವರಣೆ. ‘ಇತಿ’ಯ ಎಲ್ಲ ರೂಪಗಳನ್ನು ಒಂದೇ ಪಟ್ಟಿಯಲ್ಲಿ ಮುಂದಿಡುವ ಬದಲು, ಮೊದಲು ಗಮ್ಯಸ್ಥಾನದೊಡನೆ ವರ್ತಮಾನ, ಅನಂತರ ಉದ್ದೇಶರೂಪ, ಬಳಿಕ ಲಿಂಗಸಹಿತವಾದ ಭೂತಕಾಲ, ಆಮೇಲೆ ಆಜ್ಞೆ–ನಿಷೇಧಗಳ ಜೋಡಿ, ಕೊನೆಗೆ ಉಪಸರ್ಗಯುಕ್ತ ರೂಪಗಳು ಎಂಬ ಕ್ರಮವನ್ನು ಅನುಸರಿಸಿದರೆ ಹೊರೆ ಹಗುರವಾಗುವುದು. ದ್ವಿವಚನವನ್ನು ಮಾತ್ರ ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಬೇಕು. ಮುಂದೂಡಿದರೆ ‘ಗ್ರೆಮೊ’ ನಾಲಗೆಯಲ್ಲಿ ಬೇರೂರಿಬಿಡುತ್ತದೆ.

ಎರಡು ಮಹಾಯುದ್ಧಗಳ ನಡುವಣ ಅವಧಿಯಲ್ಲಿ ಇಟಲಿಯ ಆಳ್ವಿಕೆಗೆ ಒಳಪಟ್ಟ ಸ್ಲೊವೇನಿಯನ್ ಪ್ರದೇಶಗಳಲ್ಲಿ 1923ರ ಶಿಕ್ಷಣ ಸುಧಾರಣೆಯ ಮೂಲಕ ಆ ಭಾಷೆಯನ್ನು ಹಂತಹಂತವಾಗಿ ಶಾಲೆಗಳಿಂದ ಹೊರಹಾಕಲಾಯಿತು. ಶಾಲೆಯಿಂದ ಹೊರಬಿದ್ದ ಭಾಷೆಯು ಮನೆಯ ಮಾತಿನಲ್ಲಿ ಉಳಿಯಬೇಕಾಯಿತು. ಮನೆಯ ಮಾತಿನಲ್ಲಿ ಉಳಿಯುವುದು ಹೋಗು, ಬಾ, ತಿನ್ನು, ಮಲಗು ಎಂಬಂತಹ ಪದಗಳೇ. ವೈಯಾಕರಣರು ಅನಿಯತವೆಂದು ಬದಿಗಿಟ್ಟ ಈ ರೂಪಗಳೇ ಭಾಷೆಯನ್ನು ಕಷ್ಟಕಾಲದಲ್ಲಿ ಹೊತ್ತು ಸಾಗುತ್ತವೆ. ಕನ್ನಡಕ್ಕೆ ಕನ್ನಡದ್ದೇ ಆದ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ ಅವರು ವಾದಿಸಿದುದರ ಹಿಂದೆಯೂ, ಆಡುವವರ ಭಾಷೆಯನ್ನು ಪರಕೀಯ ಚೌಕಟ್ಟಿನ ಅಪವಾದಗಳ ಕಂತೆಯಾಗಿ ನೋಡಬಾರದೆಂಬ ಕಾಳಜಿಯಿದೆ. ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಪಠ್ಯಗಳು ‘ಹೋಗು–ಹೋದ–ಹೋಯಿತು’, ‘ಬರು–ಬಾ–ಬಂದ’ ಎಂಬ ರೂಪಗಳನ್ನು ಅಡಿಟಿಪ್ಪಣಿಗೆ ತಳ್ಳದೆ ಅವುಗಳ ಬಳಗಸಮೇತ ಮೊದಲ ಪಾಠದಲ್ಲಿಯೇ ಪರಿಚಯಿಸುವುದು ಅಗತ್ಯವೆಂಬುದನ್ನು ದೂರದ ಸ್ಲೊವೇನಿಯನ್ ಕ್ರಿಯಾಪದದ ಈ ಅಧ್ಯಯನವು ಸೂಚಿಸುತ್ತದೆ.